ಜಾಲಿ ಕಟ್ಟಿಗೆಯ ಮೇಲೆ ಚಾಕುವಿನ ಪರೀಕ್ಷೆ

ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ಕೊಟ್ಟು ಕಂಬಾರರ ಹತ್ತಿರ ಒಂದು ದಪ್ಪ ಚಾಕು ಮಾಡಿಸಿದ್ದೀರಿ ಅಂದುಕೊಳ್ಳಿ. ಹೊಲದ ಕೆಲಸಕ್ಕೆ ಅದು ತಾಳುತ್ತದೆಯೇ? ಉಳ್ಳಾಗಡ್ಡಿ ಹೆಚ್ಚಿ ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೆ ನಮ್ಮ ಕಲಬುರಗಿ ಕಡೆ ಒಳ್ಳೆಯ ಪರೀಕ್ಷಕ ಇದ್ದಾನೆ: ಒಣಗಿದ ಜಾಲಿ ಕಟ್ಟಿಗೆ. ಚಾಕುವನ್ನು ಅದರ ಮೇಲಿಟ್ಟು, ಬೆನ್ನಿಗೆ ಬಡಿಗೆಯಿಂದ ಹೊಡೆದು ಸೀಳಿ ನೋಡುವುದು. ಬಂಡಿ ಗಾಲಿಗೆ, ಕುಂಟೆಗೆ ಹಿರಿಯರು ಬಳಸುತ್ತಿದ್ದುದು ಈ ಕಟ್ಟಿಗೆಯನ್ನೇ.

ಮೊದಲು ಒಂದು ಮಾತು. ಕಟ್ಟಿಗೆ ಸೀಳಿತು ಅಂದರೆ ಚಾಕು ಗೆದ್ದಿತು ಅಂತಲ್ಲ. ಬೆನ್ನ ಮೇಲೆ ಬಲವಾಗಿ ಹೊಡೆದರೆ ಯಾವ ಕಬ್ಬಿಣದ ಪಟ್ಟಿಯೂ ಕಟ್ಟಿಗೆಯನ್ನು ಸೀಳೀತು. ಸೀಳಿದ ಮೇಲೆ ಚಾಕುವಿನ ಬಾಯಿ, ಅಂದರೆ ಹರಿತದ ಅಂಚು, ಹೇಗಿದೆ ಅಂತ ನೋಡುವುದೇ ನಿಜವಾದ ಪರೀಕ್ಷೆ.

ಇದನ್ನು ನಾನು ಕಲಿತದ್ದು ಒಂದು ಒಳ್ಳೆಯ ಚಾಕು ಕಳೆದುಕೊಂಡು. ಅಂಗಳದ ಶಹಾಬಾದಿ ಫರಸಿ ಮೇಲೆ ಕಟ್ಟಿಗೆ ನಿಲ್ಲಿಸಿ ಹೊಡೆದೆ. ಕಟ್ಟಿಗೆ ಥಟ್ಟನೆ ಸೀಳಿತು, ಚಾಕು ಸೀದಾ ಕಲ್ಲಿಗೆ ಬಡಿಯಿತು. ಬಾಯಲ್ಲಿ ಕಡಲೆಕಾಳಿನಷ್ಟು ಚೂರು ಹಾರಿಹೋಯಿತು. ತಪ್ಪು ನನ್ನದು, ಚಾಕುವಿನದಲ್ಲ. ಹಾಗಾಗಿ ಕಟ್ಟಿಗೆಯ ಕೆಳಗೆ ಯಾವಾಗಲೂ ಮರದ ಕೊರಡೇ ಇರಬೇಕು. ಹುಣಸೆಯದಾದರೆ ಬಹಳ ಚಲೋ. ಮಾಂಸದ ಅಂಗಡಿಯವರು ಅದರ ಮೇಲೇ ಕಡಿಯುವುದು, ಅಲ್ವಾ? ಅದು ಸುಲಭಕ್ಕೆ ಸೀಳುವುದಿಲ್ಲ.

ಕಟ್ಟಿಗೆಗೆ ಕಾಡಿಗೆ ಹೋಗಬೇಡಿ, ಹಸಿ ಮರ ಕಡಿಯಬೇಡಿ. ಬದುವಿನಲ್ಲಿ ಒಣಗಿ ಬಿದ್ದದ್ದು ಸಾಕು. ಚಾಕುವಿನ ಅಲಗು 8 ಇಂಚು ಇದ್ದರೆ ಕಟ್ಟಿಗೆಯ ದಪ್ಪ 4 ಇಂಚು ದಾಟಬಾರದು. ತುದಿ ಆಚೆ ಚಾಚಿಕೊಂಡಿರಬೇಕು, ಮುಂದೆ ಹೊಡೆಯುವುದು ಅಲ್ಲಿಗೇ. ಕಟ್ಟಿಗೆಯ ಉದ್ದ ಒಂದಡಿ ಸಾಕು. ಮುಳ್ಳು, ತೊಗಟೆ ತೆಗೆಯಿರಿ.

ಶುರು ಮಾಡುವ ಮುಂಚೆ ಚಾಕುವನ್ನು ಸಾಣೆ ಹಿಡಿದು, ಒಂದು ಪೇಪರ್ ಕತ್ತರಿಸಿ ನೋಡಿ. ಬಾಯಿಯನ್ನು ಬಿಸಿಲಿಗೆ ಹಿಡಿದು ಉದ್ದಕ್ಕೂ ಕಣ್ಣಾಡಿಸಿ. ಹರಿತವಾದ ಬಾಯಿ ಹೊಳೆಯುವುದಿಲ್ಲ. ಎಲ್ಲಿ ಬೆಳ್ಳಗೆ ಮಿಂಚುತ್ತದೋ ಅಲ್ಲಿ ಮೊಂಡಾಗಿದೆ ಅಂತ ಅರ್ಥ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ, ಆಮೇಲೆ ಹೋಲಿಸಬಹುದು.

ಈಗ ಕಟ್ಟಿಗೆಯನ್ನು ಕೊರಡಿನ ಮೇಲೆ ನೆಟ್ಟಗೆ ನಿಲ್ಲಿಸಿ. ಬಾಯಿಯನ್ನು ಅದರ ತಲೆಯ ಮೇಲೆ, ಬಿರುಕಿನ ಗುಂಟ ಇಡಿ. ಕಲಬುರಗಿ ಬಿಸಿಲಿಗೆ ಒಣಗಿದ ಕಟ್ಟಿಗೆಯಲ್ಲಿ ಬಿರುಕು ಹುಡುಕಬೇಕಾಗಿಲ್ಲ. ಇನ್ನೊಂದು ಕೈಯಲ್ಲಿ ಮಣಿಕಟ್ಟಿನಷ್ಟು ದಪ್ಪದ ಬಡಿಗೆ ಹಿಡಿದು ಚಾಕುವಿನ ಬೆನ್ನಿಗೆ ಹೊಡೆಯಿರಿ. ಕಬ್ಬಿಣದ ಸುತ್ತಿಗೆ ಮಾತ್ರ ಬೇಡ. ಅಲಗು ಒಳಗೆ ಇಳಿದ ಮೇಲೆ ಚಾಚಿದ ತುದಿಗೆ ಹೊಡೆಯುತ್ತಾ ಹೋಗಿ. ಹಿಡಿಕೆ ತುದಿಗಿಂತ ಮೇಲೆ ಏಳದಂತೆ ಸಮಕ್ಕೆ ಹಿಡಿಯಿರಿ. ಸಿಕ್ಕಿಕೊಂಡರೆ ತಿರುಚಬೇಡಿ. ಚಾಕುಗಳು ಜಾಸ್ತಿ ಮುರಿಯುವುದು ತಿರುಚಿದಾಗಲೇ. ಬಿರುಕಿಗೆ ಮರದ ಬೆಣೆ ಬಡಿದರೆ ತಾನೇ ಬಿಡುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಕಾಲು ಚಾಕುವಿನ ದಾರಿಯಲ್ಲಿ ಇರಬಾರದು, ಮಕ್ಕಳು ಹತ್ತಿರ ಬರಬಾರದು.

ಮೊದಲು ನೇರ ಎಳೆಯ ಕಟ್ಟಿಗೆ ನಾಲ್ಕೈದು ತುಂಡು ಸೀಳಿ. ಆಮೇಲೆ ಸಣ್ಣ ಗಂಟು ಇರುವ ಒಂದನ್ನು ತೆಗೆದುಕೊಳ್ಳಿ. ಗಂಟಿನಲ್ಲಿ ಎಳೆಗಳು ಸುತ್ತಿಕೊಂಡಿರುತ್ತವೆ, ಅಲಗಿಗೆ ಪಕ್ಕದಿಂದ ಒತ್ತಡ ಬೀಳುತ್ತದೆ. ಚಾಕುವಿನ ಗುಣ ಬಯಲಾಗುವುದು ಇಲ್ಲೇ. ಕಮರದ ಕಟ್ಟಿಗೆ ಸಿಕ್ಕಿತು ಅಂತ ಅದರಿಂದಲೇ ಶುರು ಮಾಡಬೇಡಿ. ನೀರಲ್ಲಿ ಮುಳುಗುವಷ್ಟು ಭಾರದ ಮರ ಅದು, ಕೊನೆಗೆ ಇರಲಿ.

ಪ್ರತಿ ತುಂಡಿನ ನಂತರ ಬಾಯಿ ಒರೆಸಿ, ಮತ್ತೆ ಬಿಸಿಲಿಗೆ ಹಿಡಿಯಿರಿ. ಸ್ವಲ್ಪ ಮೊಂಡಾಗಿದ್ದರೆ ಚಿಂತೆ ಇಲ್ಲ. ಬಾಯಿ ಒಂದು ಕಡೆಗೆ ಮಡಚಿದ್ದರೆ ಉಕ್ಕು ಮೆತ್ತಗಿದೆ, ಇಲ್ಲವೇ ಬಾಯಿ ತೀರಾ ತೆಳುವಾಗಿದೆ. ಹಲ್ಲಿನಂತೆ ಚೂರು ಹಾರಿದ್ದರೆ ಗಡಸು ಜಾಸ್ತಿ. ಸ್ಪ್ರಿಂಗ್ ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದಾಗ ಅದು ಗಾಜಿನ ಹಾಗೆ ಆಗುತ್ತದೆ. ಮತ್ತೆ ಸುಮಾರು 200 ಡಿಗ್ರಿಯಲ್ಲಿ ಹದವಾಗಿ ಕಾಯಿಸಿದರೇ ಅದಕ್ಕೆ ಪೆಟ್ಟು ತಾಳುವ ಗುಣ ಬರುವುದು. ಆ ಎರಡನೇ ಕಾಯಿಸುವಿಕೆ ಸರಿಯಾಗಿಲ್ಲ ಅಂದರೆ ಚೂರು ಹಾರುತ್ತದೆ. ಆದರೆ ಒಂದೇ ಸಲಕ್ಕೆ ಕಂಬಾರರನ್ನು ದೂರಬೇಡಿ. ಬಾಯಿಯನ್ನು ಇನ್ನೊಂಚೂರು ದಪ್ಪ ಕೋನಕ್ಕೆ ಸಾಣೆ ಹಿಡಿದು ಇನ್ನೊಮ್ಮೆ ಸೀಳಿ ನೋಡಿ. ಆಗಲೂ ಹಾರಿದರೆ ಚಾಕು ತೆಗೆದುಕೊಂಡು ಕುಲುಮೆಗೆ ಹೋಗಿ, ಆದದ್ದನ್ನು ತೋರಿಸಿ. ಹದ ಬದಲಿಸಿ ಕೊಡುತ್ತಾರೆ.

ಹಿಡಿಕೆಯನ್ನು ಅಲುಗಾಡಿಸಿ ನೋಡುವುದು ಮರೆಯಬೇಡಿ. ರಿವೆಟ್ ಸಡಿಲಾಗಿದ್ದರೆ ಆ ಚಾಕುವಿನಿಂದ ಇನ್ನೊಂದು ಪೆಟ್ಟೂ ಬೇಡ.

ಎಲ್ಲ ಮುಗಿದ ಮೇಲೆ ಅಲಗಿನ ಮೇಲೆ ನೀಲಿ-ಕಪ್ಪು ಕಲೆ ಕಂಡರೆ ಗಾಬರಿಯಾಗಬೇಡಿ. ಜಾಲಿಯ ಒಗರು ಕಬ್ಬಿಣಕ್ಕೆ ತಾಗಿದರೆ ಹಾಗೆ ಆಗುತ್ತದೆ. ಒಣ ಬಟ್ಟೆಯಿಂದ ಒರೆಸಿ, ಅಲಗಿಗೆ ತೆಳ್ಳಗೆ ಕೊಬ್ಬರಿ ಎಣ್ಣೆ, ಮರದ ಹಿಡಿಕೆಗೆ ಒಂದಿಷ್ಟು ಕುಸುಬಿ ಎಣ್ಣೆ ಸವರಿ ಇಡಿ.