ಮಿಯಾಟೊವಿಚ್ ಹೊಡೆದಂಥ ಗೋಲು ಮಕ್ಕಳಿಗೆ ಕಲಿಸುವುದು ಹೀಗೆ

ಫುಟ್‌ಬಾಲ್ ಆಡುವಾಗ ಗೋಲ್‌ಪೋಸ್ಟಿನ ಮುಂದೆ ಗಾಬರಿಬೀಳುವ ಹುಡುಗರಿಗೆ ನಾನು ಮೊದಲು ಕಲಿಸುವುದು ಒಂದೇ ಗೋಲು. 1998ರ ಮೇ 20, ಆಂಸ್ಟರ್‌ಡ್ಯಾಂ, ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್, ರಿಯಲ್ ಮ್ಯಾಡ್ರಿಡ್‌ಗೆ ಎದುರಾಳಿ ಯುವೆಂಟಸ್, 66ನೇ ನಿಮಿಷ. ಮ್ಯಾಡ್ರಿಡ್‌ನ ರಾಬರ್ಟೊ ಕಾರ್ಲೋಸ್ ಹೊಡೆದ ಚೆಂಡು ಯುವೆಂಟಸ್ ಆಟಗಾರನಿಗೆ ತಾಗಿ ಜೊತೆಯಾಟಗಾರ ಪ್ರೆಡ್ರಾಗ್ ಮಿಯಾಟೊವಿಚ್ ಹತ್ತಿರ ಬಂತು. ಯುವೆಂಟಸ್ ಗೋಲ್‌ಕೀಪರ್ ಪೆರುಝ್ಝಿ ನುಗ್ಗಿದ. ಮಾಂಟೆನೆಗ್ರೊದ ಪೊಡ್ಗೊರಿಕಾದಲ್ಲಿ ಹುಟ್ಟಿದ ಮಿಯಾಟೊವಿಚ್ ತಕ್ಷಣ ಹೊಡೆಯಲಿಲ್ಲ. ಪಕ್ಕಕ್ಕೆ ತಟ್ಟಿ, ಕೀಪರನ್ನು ದಾಟಿ, ಎಡಗಾಲಲ್ಲಿ ಎತ್ತಿ ಹಾಕಿದ. ರಿಯಲ್ ಮ್ಯಾಡ್ರಿಡ್‌ಗೆ 32 ವರ್ಷದ ಮೇಲೆ ಆ ಕಪ್ಪು ಸಿಕ್ಕಿತು.

ತೀರ್ಥಹಳ್ಳಿ ಕಡೆಯ ನಮ್ಮ ಮೈದಾನದಲ್ಲಿ ಮಳೆಗಾಲವಿಡೀ ಚೆಂಡು ನೀರಲ್ಲಿ ಕೂತುಬಿಡುತ್ತದೆ. ದಸರಾ ರಜೆ ಕಳೆದು ನೆಲ ಗಟ್ಟಿಯಾದ ಮೇಲೆ ಶುರುಮಾಡಿ. ಅಡಿಕೆ ದಬ್ಬೆ, ಅಂದರೆ ಸೀಳಿದ ಅಡಿಕೆ ಮರ, ಕಟ್ಟಿದ ಒಂದು ತಟ್ಟಿಯನ್ನು ಪೋಸ್ಟಿನಿಂದ ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಿಸಿ. ದಬ್ಬೆಯ ಬೆನ್ನು ಉಬ್ಬಿರುವುದರಿಂದ ಚೆಂಡು ಬಡಿದರೆ ಎತ್ತ ಪುಟಿಯುತ್ತದೋ ಹೇಳಲಾಗದು. ಕಾರ್ಲೋಸ್ ಹೊಡೆದ ಚೆಂಡು ತಾಗಿ ತಿರುಗಿದ ಹಾಗೆ; ನಮಗೆ ಬೇಕಾದ್ದೇ ಅದು. ಗೋಲಿನ ಗೆರೆ ಮೇಲೆ ಹಳೇ ಬೆಂಚೊಂದನ್ನು ಅಡ್ಡ ಮಲಗಿಸಿ. ಚೆಂಡು ಅದರ ಮೇಲಿಂದಲೇ ಹೋಗಬೇಕು.

ಕೀಪರ್ ಮೊದಲ ವಾರ ಮಂಡಿಯೂರಿ ಇರಲಿ, ಆಮೇಲೆ ನುಗ್ಗಲಿ.

ಎಲ್ಲರೂ ತಪ್ಪುವುದು ಮೊದಲ ತಟ್ಟಿನಲ್ಲಿ. ಜೋರಾದರೆ ಚೆಂಡು ಹೊರಗೆರೆ ದಾಟುತ್ತದೆ, ಮೆತ್ತಗಾದರೆ ಕೀಪರ್ ಕೈಗೆ. ಒಂದೂವರೆ ಹೆಜ್ಜೆ ಸರಿಯಬೇಕು, ಅಷ್ಟೆ. ನಾನು ಅಷ್ಟು ದೂರಕ್ಕೆ ಅಡಿಕೆ ಹಾಳೆಯೊಂದನ್ನು ಹಾಸುತ್ತೇನೆ. ಚೆಂಡು ಅದರ ಮೇಲೆ ಬಂದರೆ "ಸರ್" ಎಂಬ ಸದ್ದು. ಆ ಸದ್ದು ಕೇಳಿದ ಮೇಲೆಯೇ ಎರಡನೇ ಒದೆತ. ಊರುಗಾಲು ಚೆಂಡಿನ ಪಕ್ಕದಲ್ಲೇ ಇರಲಿ, ಹೊಡೆಯುವ ಬೆರಳು ಚೆಂಡಿನ ಅಡಿಗೆ ಹೋಗಲಿ. ಬಲಗಾಲಿನವರಿಗೂ ಎಡಗಾಲಲ್ಲೇ ಮಾಡಿಸಿ, ದಿನಕ್ಕೆ ಇಪ್ಪತ್ತು ಸಲ. ಬೇಸರಪಡುತ್ತಾರೆ. ಬಿಡಬೇಡಿ.

ಹೋದ ವರ್ಷ ಏಳನೇ ಕ್ಲಾಸಿನ ಒಬ್ಬ ಹುಡುಗ ತಾಲ್ಲೂಕು ಪಂದ್ಯದಲ್ಲಿ ಪೆನಾಲ್ಟಿ ಒದ್ದು ಗೋಲು ಮಾಡಲಾಗದೆ, ಮನೆಗೆ ಹೋಗಲೊಲ್ಲದೆ ಪೋಸ್ಟಿಗೆ ಒರಗಿ ಕೂತ. ನಾನೂ ಪಕ್ಕದಲ್ಲಿ ಕೂತು, ಅದೇ 1998ರ ಜೂನ್ 29ರ ಕಥೆ ಹೇಳಿದೆ: ವಿಶ್ವಕಪ್ಪು, ಎದುರಾಳಿ ನೆದರ್ಲೆಂಡ್ಸ್, ಅದೇ ಮಿಯಾಟೊವಿಚ್ ಒದ್ದ ಪೆನಾಲ್ಟಿ ಮೇಲಿನ ಅಡ್ಡಕಂಬಕ್ಕೆ ಬಡಿಯಿತು, ಮಾಂಟೆನೆಗ್ರೊ ಆಗ ಸೇರಿದ್ದ ಯುಗೊಸ್ಲಾವಿಯ 2-1ರಲ್ಲಿ ಸೋತಿತು.

"ಆ ಫೈನಲ್ ಗೋಲು ಹೊಡೆದು ಒಂದೂವರೆ ತಿಂಗಳೂ ಆಗಿರ್ಲಿಲ್ವಾ, ಸಾರ್?" ಅಂದ.

"ಇಲ್ಲ ಕಣೋ."

ಎದ್ದು ಚೆಂಡು ತಂದು ದಬ್ಬೆ ತಟ್ಟಿಗೆ ಒದ್ದ.