ರೆಕಾರ್ಡರ್‌ನಲ್ಲಿ ಇಟಲಿಯ ಹಳೆಯ ಕುಣಿತಗಳು: ನಾನು ಕಲಿತ ಬಗೆ

ರೆಕಾರ್ಡರ್ ಅಂದರೆ ನೇರವಾಗಿ ಹಿಡಿದು ಊದುವ, ಕೊಳಲಿನಂಥ ಯುರೋಪಿನ ವಾದ್ಯ. ಅದನ್ನು ನುಡಿಸುವವರಿಗೆ ಇಟಲಿಯ ಸಂಗೀತಗಾರ ಮಾರ್ಕೋ ಉಚೆಲ್ಲೀನಿಯ ಬೆರ್ಗಮಾಸ್ಕ ಒಂದಲ್ಲ ಒಂದು ದಿನ ಸಿಕ್ಕೇ ಸಿಗುತ್ತದೆ. 1642ರಲ್ಲಿ ವೆನಿಸ್‌ನಲ್ಲಿ ಅಚ್ಚಾದದ್ದು. ಬರೆದದ್ದು ಎರಡು ವಯಲಿನ್ ಮತ್ತು ಬೇಸ್‌ಗೆ (ಕೆಳಗಿನ ದಪ್ಪ ಸ್ವರಗಳ ಸಾಲಿಗೆ), ಆದರೆ ಎರಡು ರೆಕಾರ್ಡರ್‌ಗೂ ಚೆನ್ನಾಗಿ ಒಗ್ಗುತ್ತದೆ. ಇದು ಉತ್ತರ ಇಟಲಿಯ ಬೆರ್ಗಮೋ ಕಡೆಯ ಕುಣಿತದ ಧಾಟಿ. ಕೆಳಗೆ ಬೇಸ್ ಸ-ಮ-ಪ-ಸ ಅಷ್ಟನ್ನೇ ಸುತ್ತುತ್ತಿರುತ್ತದೆ, ಮೇಲೆ ಇಬ್ಬರು ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುತ್ತಾರೆ. ಇದೇ ಧಾಟಿಯನ್ನು ಇಟಲಿಯ ಇನ್ನೊಬ್ಬ ಸಂಗೀತಗಾರ ಫ್ರೆಸ್ಕೊಬಾಲ್ಡಿ 1635ರಲ್ಲಿ ಚರ್ಚಿನ ಆರ್ಗನ್ ಸಂಗೀತದ ಪುಸ್ತಕಕ್ಕೇ ಸೇರಿಸಿದ. ಬೀದಿಯ ಕುಣಿತ ಎಲ್ಲಿಯವರೆಗೆ ಹೋಗಿತ್ತು ನೋಡಿ.

ನಾನು ವೇಗದ ಸ್ವರಗಳಿಂದ ಶುರು ಮಾಡಲಿಲ್ಲ. ಗೆಳೆಯರೊಬ್ಬರಿಂದ ಚೆಲ್ಲೋದಲ್ಲಿ ಬೇಸ್ ಮಾತ್ರ ನುಡಿಸಿಸಿ ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅದನ್ನು ಹಾಕಿಕೊಂಡು ರೂಮಿನಲ್ಲಿ ಹೆಜ್ಜೆ ಹಾಕುತ್ತಾ ಬರೀ ಬಾಯಲ್ಲಿ ಹಾಡಿದೆ. ತಾಳದ ಪೆಟ್ಟು ಕಾಲಿಗೆ ಗೊತ್ತಾದ ಮೇಲೇ ವಾದ್ಯ ಕೈಗೆತ್ತಿಕೊಂಡಿದ್ದು.

ರೆಕಾರ್ಡರ್‌ನ ಕಷ್ಟ ಏನೆಂದರೆ, ಪೆಟ್ಟು ಬೀಳುವ ಕಡೆ ಜೋರಾಗಿ ಊದಿದರೆ ಶ್ರುತಿ ಮೇಲೆ ಹೋಗುತ್ತದೆ. ಹಾಗಾಗಿ ಒತ್ತನ್ನು ಬೇರೆ ರೀತಿ ತರಬೇಕು: ಪೆಟ್ಟಿಗೆ ಮುಂಚಿನ ಸ್ವರವನ್ನು ಸ್ವಲ್ಪ ಬೇಗ ನಿಲ್ಲಿಸಿ. ಆ ಚೂರು ಖಾಲಿ ಜಾಗದ ನಂತರ ಬರುವ ಸ್ವರ ತಾನಾಗಿ ಎದ್ದು ಕೇಳಿಸುತ್ತದೆ. ಕುಣಿತದ ಜೀವ ಇರುವುದೇ ಇಲ್ಲಿ, ಇದೊಂದನ್ನು ಎಷ್ಟು ತಿದ್ದಿದರೂ ಜಾಸ್ತಿ ಆಗಲ್ಲ.

ಪ್ರತಿ ಸ್ವರ ಶುರು ಮಾಡುವಾಗ ನಾಲಿಗೆ ಹೇಗೆ ಆಡಬೇಕು ಅನ್ನುವುದಕ್ಕೆ ಗನಾಸ್ಸಿ ಎಂಬ ವಾದಕ ಇದ್ದಾನೆ. 1535ರಲ್ಲಿ ವೆನಿಸ್‌ನಲ್ಲಿ ಬಂದ ಅವನ 'ಫೊಂಟೆಗಾರಾ' ರೆಕಾರ್ಡರ್‌ಗೆಂದೇ ಬರೆದ ಪುಸ್ತಕ. ಅದರಲ್ಲಿ ತೆ-ಕೆ, ತೆ-ರೆ, ಲೆ-ರೆ ಅಂತ ಗಡಸಿನಿಂದ ಮೆದುವಿನವರೆಗೆ ಹೇಳಿಕೊಡುತ್ತಾನೆ. ಇಟಲಿಯವರ ತ ನಮ್ಮ ತ ತರಹವೇ ಹಲ್ಲಿಗೆ ತಾಗುವಂಥದ್ದು, ಆದ್ದರಿಂದ ಕನ್ನಡದ ಬಾಯಿಗೆ ಇದು ಸಲೀಸು. ಬೆರ್ಗಮಾಸ್ಕದ ಓಟಕ್ಕೆ ನಾನು ತೆ-ರೆ ಬಳಸುತ್ತೇನೆ. ಅದೇ ತುಣುಕು ಎರಡನೇ ಸಲ ಬಂದಾಗ ಅಲಂಕಾರ ಸೇರಿಸುವ ಬದಲು ಲೆ-ರೆಗೆ ಬದಲಾಯಿಸಿ ನೋಡಿ, ಸಾಕು ಅನ್ನಿಸುತ್ತದೆ.

ಇನ್ನೂ ಹಿಂದಕ್ಕೆ ಹೋದರೆ 'ಲಮೆಂಟೋ ದಿ ತ್ರಿಸ್ತಾನೋ' ಎಂಬ ಕುಣಿತದ ರಾಗ ಸಿಗುತ್ತದೆ. ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಟಲಿಯ ಹಸ್ತಪ್ರತಿಯದು, ಅದರಲ್ಲೇ ಸಾಲ್ಟರೆಲ್ಲೋ ಎಂಬ ಚುರುಕಿನ ಕುಣಿತಗಳೂ ಇವೆ. ಬರೆದಿರುವುದು ಒಂದೇ ಸಾಲು ರಾಗ, ತಮಟೆಯಾಗಲಿ ಶ್ರುತಿಯಾಗಲಿ ಕಾಗದದ ಮೇಲಿಲ್ಲ. ನಾನು ತಂಬೂರಿ ಆ್ಯಪ್‌ನಲ್ಲಿ ಸ-ಪ ಹಾಕಿಕೊಂಡೇ ಅಭ್ಯಾಸ ಮಾಡಿದೆ. ಕರ್ನಾಟಕ ಸಂಗೀತ ಕಲಿತವರಿಗೆ ಒಂದು ಮಾತು: ಶ್ರುತಿ ಕೇಳಿದ ಕೂಡಲೇ ಬೆರಳು ಗಮಕಕ್ಕೆ ಹೋಗುತ್ತದೆ, ತಡೆಯಿರಿ. ಪ್ರತಿ ತುಣುಕೂ ಎರಡು ಸಲ ಬರುತ್ತದೆ, ಮೊದಲ ಸಲ ಕೊನೆ ಮುಗಿಯದ ಹಾಗೆ ತೂಗಾಡುತ್ತದೆ, ಎರಡನೇ ಸಲ ಮುಗಿದ ಹಾಗೆ ಕೂರುತ್ತದೆ. ಆ ವ್ಯತ್ಯಾಸ ಕೇಳಿಸುವಂತೆ ನುಡಿಸಿ.

ಇಟಲಿಯ ಸಂಗೀತಗಾರ ಕೊರೆಲ್ಲಿ ವಾದ್ಯಗುಂಪಿಗೆ ಬರೆದ ಕ್ರಿಸ್ಮಸ್ ಕನ್ಚೆರ್ಟೋದ (1714ರಲ್ಲಿ ಅಚ್ಚಾದದ್ದು) ಕೊನೆಯ ಪಾಸ್ಟೊರಾಲೆಯನ್ನೂ, ಅಂದರೆ ಕುರುಬರ ಧಾಟಿಯ ಭಾಗವನ್ನೂ, ಈಗ ಎರಡು ಆಲ್ಟೋ ರೆಕಾರ್ಡರ್‌ಗಳಲ್ಲಿ ಇಬ್ಬರು ಸೇರಿ ನುಡಿಸುತ್ತಿದ್ದೇವೆ. ಹಬ್ಬಕ್ಕೆ ಬೆಟ್ಟದಿಂದ ರೋಮ್‌ಗೆ ಇಳಿದು ಬರುತ್ತಿದ್ದ ಕುರುಬರ ಜಂಪೋನ್ಯ, ಅಂದರೆ ಚೀಲದ ಊದುವಾದ್ಯದ ನಾದ ಅದು. ಚೀಲದ ಗಾಳಿ ಮುಗಿಯುವುದೇ ಇಲ್ಲ, ನಮ್ಮ ಉಸಿರು ಮುಗಿಯುತ್ತದೆ. ಅದಕ್ಕೇ ಇಬ್ಬರೂ ಒಂದೇ ಕಡೆ ಉಸಿರು ತೆಗೆದುಕೊಳ್ಳದ ಹಾಗೆ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡಿದ್ದೇವೆ.