ಹೆದ್ದಾರಿ ಬಿಟ್ಟು ವಾಯಿಗೆ: ನೆಂಟರ ಜೊತೆ ಒಂದು ದಿನದ ಸುತ್ತು

ದೀಪಾವಳಿ ರಜೆಗೆ ಧಾರವಾಡ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಪುಣೆಗೆ ನೆಂಟರು ಬಂದರೆ ಶನಿವಾರವಾಡೆ, ದಗಡೂಶೇಠ್ ಗಣಪತಿ, ಸಿಂಹಗಡ ಎರಡೇ ದಿನಕ್ಕೆ ಮುಗಿಯುತ್ತವೆ. ಮೂರನೇ ದಿನ ಮಹಾಬಳೇಶ್ವರದ ಮಾತು ಏಳುತ್ತದೆ. ರಜೆಯಲ್ಲಿ ಆ ಘಾಟಿನ ಗಾಡಿಸಾಲಿನಲ್ಲಿ ಸಿಕ್ಕಿಬಿದ್ದರೆ ಅರ್ಧ ದಿನ ಅಲ್ಲೇ ಹೋಯಿತು. ಅದಕ್ಕಿಂತ ಕೃಷ್ಣಾ ಹೊಳೆಯ ದಂಡೆಯ ವಾಯಿ ಊರಿಗೆ ಹೋಗುವ ಪುಣೆ–ಭೋರ್–ಮಾಂಢರದೇವಿ–ವಾಯಿ ಸುತ್ತು ವಾಸಿ. ಒಟ್ಟು ಸುಮಾರು 190 ಕಿ.ಮೀ. ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರಬಹುದು.

ಇಂಥ ಸುತ್ತು ಕೆಡುವುದು ರಸ್ತೆಯಿಂದಲ್ಲ. ಅಜ್ಜನ ಮಂಡಿ, ಮಕ್ಕಳ ಹೊಟ್ಟೆ ಮತ್ತು ಎರಡು ಗಂಟೆ ತಡವಾದ ಊಟ, ಈ ಮೂರರಿಂದ. ಯೋಜನೆಯನ್ನು ಅಲ್ಲಿಂದಲೇ ಶುರುಮಾಡಿ.

ಮೊದಲು ತಲೆ ಎಣಿಸಿ

ಏಳು ಸೀಟಿನ ಗಾಡಿ ಎಂದರೆ ಚಾಲಕನೂ ಸೇರಿ ಏಳು. ಬಾಡಿಗೆಗೆ ತಂದರೆ ನೆಂಟರಿಗೆ ಉಳಿಯುವುದು ಆರು ಜಾಗ. ಮೂರನೇ ಸಾಲು ಎತ್ತಿ ಕೂರಿಸಿದರೆ ಹಿಂದೆ ಸಾಮಾನಿಗೆ ಒಂದೆರಡು ಚೀಲದ ಜಾಗವೂ ಕಷ್ಟ. ಒಂಬತ್ತು ಹತ್ತು ಜನ ಆದರೆ ಎರಡು ಕಾರು, ಅದಕ್ಕೂ ಮಿಕ್ಕಿದರೆ ಟೆಂಪೊ ಟ್ರಾವೆಲರ್. ಬಾಡಿಗೆ ಮಾತಾಡುವಾಗ ಒಂದು ವಿಷಯ ಕೇಳಿಕೊಳ್ಳಿ: ಊರ ಹೊರಗೆ ಹೋದರೆ ದಿನಕ್ಕೆ ಕನಿಷ್ಠ 300 ಕಿ.ಮೀ. ಎಂದು ಲೆಕ್ಕ ಹಾಕುವವರು ಬಹಳ. ನೀವು 190 ಓಡಿದರೂ ಕೊಡುವುದು 300ಕ್ಕೇ.

ಸ್ವಂತ ಗಾಡಿಯಾದರೆ ಹಿಂದಿನ ದಿನ ಟೈರಿನ ಗಾಳಿ ನೋಡಿ. ಗಾಡಿ ಓಡಿಸಿ ಬಿಸಿಯಾದ ಮೇಲೆ ಅಳೆದರೆ ಲೆಕ್ಕ ತಪ್ಪುತ್ತದೆ, ತಣ್ಣಗಿರುವಾಗಲೇ ಅಳೆಯಬೇಕು. ಚಾಲಕನ ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿ ಎರಡು ಅಂಕಿ ಇರುತ್ತವೆ, ಒಂದಿಬ್ಬರಿದ್ದಾಗ ಒಂದು, ಗಾಡಿ ತುಂಬಿದಾಗ ಇನ್ನೊಂದು. ನಿಮಗೆ ಬೇಕಾದದ್ದು ಎರಡನೆಯದು. ಸ್ಟೆಪ್ನಿಗೂ ಗಾಳಿ ಹಾಕಿಸಿ. ಹೆಚ್ಚಿನವರು ಮರೆಯುವುದು ಅದನ್ನೇ.

ಎರಡು ಕಾರು ಇದ್ದರೆ ನಿಧಾನ ಓಡಿಸುವವರನ್ನು ಮುಂದೆ ಬಿಡಿ. ಪ್ರತಿ ಫಾಟಾದಲ್ಲಿ, ಅಂದರೆ ದಾರಿ ಕವಲೊಡೆಯುವ ಕಡೆ, ಮುಂದಿನ ಗಾಡಿ ಹಿಂದಿನದು ಕಣ್ಣಿಗೆ ಬೀಳುವ ತನಕ ನಿಲ್ಲಬೇಕು. ಘಾಟಿನಲ್ಲಿ ಮೊಬೈಲ್ ಸಿಗ್ನಲ್ ಹೋಗುತ್ತದೆ, ಫೋನ್ ನಂಬಬೇಡಿ.

ಖರ್ಚಿಗೆ ಮನೆಗಿಷ್ಟು ಎಂದು ಹೊರಡುವ ಮೊದಲೇ ಒಬ್ಬರ ಕೈಗೆ ಕೊಟ್ಟುಬಿಡಿ. ಇಲ್ಲವಾದರೆ ಪ್ರತಿ ಹೋಟೆಲ್ ಗಲ್ಲಾದ ಮುಂದೆ ಕಾಕಾ, ಮಾಮಾ ಇಬ್ಬರೂ "ನಾ ಕೊಡ್ತೀನಿ ಬಿಡ್ರಿ" ಅಂತ ಹತ್ತು ನಿಮಿಷ ಕುಸ್ತಿ ಹಿಡಿಯುತ್ತಾರೆ. ದೇವಸ್ಥಾನ, ವಾಹನ ನಿಲುಗಡೆ, ಹಳ್ಳಿಯ ಚಹಾದಂಗಡಿಗೆ 10, 20, 50ರ ನೋಟು ಬೇರೆ ಇರಲಿ.

ಬುತ್ತಿ ಮತ್ತು ನೀರು

ಎಂಟು ಜನಕ್ಕೆ 20 ಲೀಟರಿನ ಒಂದು ಕ್ಯಾನ್ ಸಾಕು. ಅದರಿಂದ ಸಣ್ಣ ಬಾಟಲಿಗಳಿಗೆ ತುಂಬಿಸಿಕೊಳ್ಳಿ. ಬುತ್ತಿಗೆ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಒಣ ಪಲ್ಯ. ಮೊಸರನ್ನ ಬೇಡ, ಬಿಸಿಲಿಗೆ ನಿಂತ ಗಾಡಿಯಲ್ಲಿ ಮಧ್ಯಾಹ್ನದೊಳಗೆ ಹುಳಿ ಹೊಡೆಯುತ್ತದೆ. ಬೆಳಗಿನ ತಿಂಡಿಗೆ ಒಗ್ಗರಣೆ ಅವಲಕ್ಕಿ ಅರ್ಧ ಹೊಟ್ಟೆ. ಪೂರಿ ತಿಂದು ಘಾಟು ಹತ್ತಿದರೆ ವಾಂತಿ ಗ್ಯಾರಂಟಿ. ಹೊಟ್ಟೆ ತೊಳಸುವ ಅಭ್ಯಾಸ ಇರುವವರನ್ನು ಮೂರನೇ ಸಾಲಿಗೆ ಹಾಕಬೇಡಿ. ತಿರುವಿನಲ್ಲಿ ಗಾಡಿ ಹೆಚ್ಚು ತೂಗುವುದು ಅಲ್ಲೇ. ಅವರನ್ನು ಮುಂದೆ ಕೂರಿಸಿ, ಗಾಜು ಇಳಿಸಿ, ಮೊಬೈಲ್ ಕಸಿದುಕೊಳ್ಳಿ. ಮಾತ್ರೆ ಬೇಕಿದ್ದರೆ ವೈದ್ಯರನ್ನು ಕೇಳಿ ಘಾಟಿಗೆ ಅರ್ಧ ಗಂಟೆ ಮೊದಲೇ ಕೊಡಬೇಕು, ವಾಂತಿ ಶುರುವಾದ ಮೇಲೆ ಕೊಟ್ಟು ಪ್ರಯೋಜನವಿಲ್ಲ.

ದಾರಿ: ಕಾತ್ರಜ್‌ನಿಂದ ಭೋರ್‌ಗೆ

ಶನಿವಾರ ಬೆಳಿಗ್ಗೆ 6.30ಕ್ಕೆ ಕಾತ್ರಜ್ ದಾಟಿರಬೇಕು. ಭಾನುವಾರ ಬೇಡ, ಸಂಜೆ ಪುಣೆಗೆ ಮರಳುವ ಗಾಡಿಗಳೆಲ್ಲ ಖೇಡ್ ಶಿವಾಪುರದ ಟೋಲಿನ ಬಳಿ ನಿಂತಿರುತ್ತವೆ.

ಮ್ಯಾಪಿನಲ್ಲಿ ನೇರ "ವಾಯಿ" ಎಂದು ಹಾಕಿದರೆ ಅದು ನಿಮ್ಮನ್ನು ಹೆದ್ದಾರಿಯಲ್ಲೇ ಖಂಬಾಟಕಿ ಘಾಟಿಗೆ ಒಯ್ಯುತ್ತದೆ. ಭೋರ್, ಆಂಬವಡೆ, ಮಾಂಢರದೇವಿ ಮೂರನ್ನೂ ನಡುವಿನ ನಿಲ್ದಾಣಗಳಾಗಿ ಸೇರಿಸಿ. ಆ ಭಾಗದ ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಎರಡು ಕಿಲೋಮೀಟರ್ ಉಳಿಸುವ ಒಳದಾರಿ ತೋರಿಸಿದರೆ ಹೊಕ್ಕಬೇಡಿ, ಅದು ಹೊಲದ ಬದುವಿನಲ್ಲಿ ಮುಗಿಯಬಹುದು.

ದಾರಿ ಕೇಳುವುದಕ್ಕೂ ಒಂದು ಕಲೆ ಇದೆ. "ಹಾ ರಸ್ತಾ ಭೋರಲಾ ಜಾತೋ ಕಾ?" (ಈ ದಾರಿ ಭೋರ್‌ಗೆ ಹೋಗುತ್ತದೆಯೇ?) ಎಂದರೆ ಎಲ್ಲರೂ "ಹೋ" (ಹೌದು) ಎನ್ನುತ್ತಾರೆ, ನಿಮ್ಮನ್ನು ನಿರಾಸೆ ಮಾಡಬಾರದೆಂದು. "ಭೋರಲಾ ಕುಠೂನ್ ಜಾಯ್ಚಂ?" (ಭೋರ್‌ಗೆ ಯಾವ ಕಡೆಯಿಂದ ಹೋಗಬೇಕು?) ಎಂದು ಕೇಳಿ, ಅವರು ಕೈ ತೋರಿಸಲೇಬೇಕು. ರಸ್ತೆ ಹೇಗಿದೆ ಎನ್ನುವುದಕ್ಕೆ ಒಂದೇ ಪ್ರಶ್ನೆ ಸಾಕು: "ಎಸ್‌ಟಿ ಜಾತೇ ಕಾ?" ಸಾರಿಗೆಯ ಕೆಂಪು ಬಸ್ ಹೋಗುತ್ತದೆ ಎಂದರೆ ನಿಮ್ಮ ಗಾಡಿಯೂ ಹೋಗುತ್ತದೆ. "ಥೋಡಂ ಪುಢೇ" (ಸ್ವಲ್ಪ ಮುಂದೆ) ಎಂದರೆ ಮಾತ್ರ ಅರ್ಧ ಕಿಲೋಮೀಟರೂ ಆಗಬಹುದು, ಐದೂ ಆಗಬಹುದು.

ಮೊದಲ ನಿಲುಗಡೆ ಬನೇಶ್ವರ. ಹೆದ್ದಾರಿಯಿಂದ ಬಲಕ್ಕೆ ನಸರಾಪುರದ ಕಡೆ ತಿರುಗಿದರೆ ಕೆಲವೇ ನಿಮಿಷ. ನಾನಾಸಾಹೇಬ ಪೇಶ್ವೆ 1749ರಲ್ಲಿ ಕಟ್ಟಿಸಿದ ಶಿವನ ಗುಡಿ, ಸುತ್ತ ಕಾಡು, ಹಿಂದೆ ಸಣ್ಣ ಜಲಪಾತ. ತಿಂಡಿ ಡಬ್ಬಿ ಬಿಚ್ಚಲು ನೆರಳಿದೆ. ಮಂಗಗಳೂ ಇರಬಹುದು, ಚೀಲದ ಜಿಪ್ ಎಳೆದಿಟ್ಟಿರಿ.

ಅಲ್ಲಿಂದ ಮತ್ತೆ ಹೆದ್ದಾರಿಗೆ ಬಂದು ಕಾಪೂರಹೋಳ್‌ನಲ್ಲಿ ಬಲಕ್ಕೆ. ಡೀಸೆಲ್, ಪೆಟ್ರೋಲ್ ಇಲ್ಲಿಗೇ ತುಂಬಿಸಿಬಿಡಿ. ಭೋರ್ ಹಿಂದೆ ಪಂತ ಸಚಿವರ ಸಂಸ್ಥಾನದ ರಾಜಧಾನಿ. 1869ರ ರಾಜವಾಡೆ ಇನ್ನೂ ನಿಂತಿದೆ, ಸಿನಿಮಾ ಚಿತ್ರೀಕರಣಕ್ಕೆ ಬಾಡಿಗೆಗೂ ಹೋಗುತ್ತದೆ. ಚಿತ್ರೀಕರಣ ಇದ್ದ ದಿನ ಒಳಗೆ ಬಿಡಲಿಕ್ಕಿಲ್ಲ. ಇದೊಂದಕ್ಕೇ ಎಂದು ನೆಂಟರಿಗೆ ಆಸೆ ಹುಟ್ಟಿಸಬೇಡಿ. ಶೌಚಾಲಯಕ್ಕೆ ಎಸ್‌ಟಿ ಸ್ಟ್ಯಾಂಡ್ ಇದೆ. ಹೆಂಗಸರಿಗೆ ಘಾಟಿಗೆ ಮೊದಲು ಇದೇ ಕೊನೆಯದು ಎಂದು ಹೇಳಿಯೇ ಬಿಡಿ. ಪೇಟೆಯಲ್ಲಿ ಇಂದ್ರಾಯಣಿ ಅಕ್ಕಿ ಸಿಗುತ್ತದೆ, ಅನ್ನ ಮೆತ್ತಗೆ, ಘಮ ಚೆನ್ನ. ನಮ್ಮ ಕಡೆಯವರಿಗೆ ಇದು ಅಂಟು ಎನಿಸಬಹುದು, ಮೊದಲು ಎರಡು ಕಿಲೋ ಒಯ್ದು ನೋಡಲಿ.

ಘಾಟು

ಆಂಬವಡೆಯಲ್ಲಿ ನಡೆದು ದಾಟುವ ಹಳೆಯ ತೂಗುಸೇತುವೆ ಇದೆ. ದಾಟಲು ಬಿಟ್ಟಿದ್ದರೆ ನಾಲ್ಕೈದು ಜನವೇ ಒಮ್ಮೆಗೆ ಹೋಗಿ, ಮಕ್ಕಳು ಅದನ್ನು ಜೋಕಾಲಿ ಮಾಡದಂತೆ ನೋಡಿಕೊಳ್ಳಿ. ಮುಂದೆ ಏರು. ಇಲ್ಲಿ ಗಂಟೆಗೆ 25–30 ಕಿ.ಮೀ.ಗಿಂತ ಹೆಚ್ಚು ಲೆಕ್ಕ ಹಾಕಬೇಡಿ, ಭೋರ್‌ನಿಂದ ವಾಯಿಗೆ ಎರಡು ಗಂಟೆ ಇಟ್ಟುಕೊಂಡರೆ "ಇನ್ನೂ ಎಷ್ಟ್ ದೂರ ಐತ್ರಿ?" ಎಂಬ ಪ್ರಶ್ನೆಗೆ ಮುಖ ಸಿಂಡರಿಸಬೇಕಾಗುವುದಿಲ್ಲ. ಏರುವ ಗಾಡಿಗೆ ದಾರಿ ಮೊದಲು. ಕುರುಡು ತಿರುವಿನಲ್ಲಿ ಹಾರ್ನ್ ಹಾಕಿ, ಎಡಬದಿ ಬಿಡಬೇಡಿ.

ಮಾಂಢರದೇವಿಯ ಕಾಳೂಬಾಯಿ ಗುಡಿ ಬೆಟ್ಟದ ಮೇಲಿದೆ, ಮೆಟ್ಟಿಲೂ ಇವೆ. ಮಂಡಿನೋವಿನವರು ಕೆಳಗೆ ಚಹಾ ಕುಡಿಯುತ್ತ ಕೂರಲಿ, ಜೊತೆಗೊಬ್ಬರು ಇರಲಿ. ಪುಷ್ಯ ಹುಣ್ಣಿಮೆಯ ಜಾತ್ರೆಯ ಆಸುಪಾಸು, ಅಂದರೆ ಸಾಮಾನ್ಯವಾಗಿ ಜನವರಿಯಲ್ಲಿ, ಈ ದಾರಿಯನ್ನೇ ಹಿಡಿಯಬೇಡಿ. 2005ರ ಜನವರಿ 25ರಂದು ಇದೇ ಜಾತ್ರೆಯ ನೂಕುನುಗ್ಗಲಿನಲ್ಲಿ 290ಕ್ಕೂ ಹೆಚ್ಚು ಜನ ಸತ್ತರು. ಮಳೆಗಾಲದಲ್ಲಿ ಹಸಿರು ಚೆಂದ, ಆದರೆ ಮಂಜು ಕವಿದರೆ ಹತ್ತು ಹೆಜ್ಜೆ ಮುಂದಿನದು ಕಾಣುವುದಿಲ್ಲ. ಹಿರಿಯರಿದ್ದರೆ ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯದು.

ಇಳಿಜಾರಿನಲ್ಲಿ ಎರಡನೇ ಗೇರ್. ಗಾಡಿ ತುಂಬಿದ್ದಾಗ ಬರೀ ಬ್ರೇಕ್ ಒತ್ತುತ್ತ ಇಳಿದರೆ ಬ್ರೇಕ್ ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಹಿಡಿತ ಕಡಿಮೆಯಾಗುತ್ತದೆ. ವಾಸನೆ ಬಂದರೆ ಅಗಲದ ಜಾಗ ನೋಡಿ ಅರ್ಧ ಗಂಟೆ ನಿಲ್ಲಿಸಿ. ಬಿಸಿ ಚಕ್ರಕ್ಕೆ ನೀರು ಸುರಿಯಬೇಡಿ, ಡಿಸ್ಕ್ ಸೊಟ್ಟಗಾಗುತ್ತದೆ.

ವಾಯಿ, ಮೇಣವಲಿ

ಒಂದು ಗಂಟೆಗೆ ವಾಯಿಯಲ್ಲಿ ಊಟ. ಖಾನಾವಳಿ ಎಂಬ ಮಾತು ನಮ್ಮದೂ ಹೌದು, ಅವರದೂ ಹೌದು. ಜೋಳದ ಭಾಕರಿ, ಝುಣಕಾ, ಠೇಚಾ ಕೇಳಿ. ಠೇಚಾ ನಮ್ಮ ರಂಜಕಕ್ಕಿಂತ ಖಾರ ಇರಬಹುದು, ಅಜ್ಜಿಗೆ ಮೊದಲೇ ಹೇಳಿ. ಊಟವಾದ ಮೇಲೆ ಒಂದು ಗಂಟೆ ಏನೂ ಮಾಡಬೇಡಿ. ಹಿರಿಯರು ಒರಗಲಿ, ಬಿಸಿಲಿನಲ್ಲಿ ಘಟ್ಟದ, ಅಂದರೆ ಹೊಳೆಗೆ ಇಳಿಯುವ ಮೆಟ್ಟಿಲುಗಳ, ಕಲ್ಲು ಬರಿಗಾಲು ಸುಡುತ್ತದೆ.

ಮೂರೂವರೆಗೆ ಮೇಣವಲಿ, ಸುಮಾರು 3 ಕಿ.ಮೀ. ಪೇಶ್ವೆಗಳ ಮಂತ್ರಿ ನಾನಾ ಫಡ್ನವೀಸನ ವಾಡೆ ಮತ್ತು ಅರ್ಧಚಂದ್ರಾಕಾರದ ಘಟ್ಟ. ಘಟ್ಟದ ಗುಡಿಯಲ್ಲಿ ತೂಗಿರುವ ದೊಡ್ಡ ಗಂಟೆ 1739ರಲ್ಲಿ ಮರಾಠರು ವಸಯಿ ಗೆದ್ದಾಗ ಪೋರ್ಚುಗೀಸರಿಂದ ತಂದದ್ದು. ಮೆಟ್ಟಿಲು ಎತ್ತರ, ಪಾಚಿ ಕಟ್ಟಿದ ಕಡೆ ಜಾರುತ್ತದೆ. ಮೇಲೆ ಧೋಮ್ ಅಣೆಕಟ್ಟು ಇರುವುದರಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ಮಕ್ಕಳನ್ನು ಕೊನೆಯ ಮೆಟ್ಟಿಲಿಗೆ ಬಿಡಬೇಡಿ. ಇದೇ ಕೃಷ್ಣೆ ಮುಂದೆ ಆಲಮಟ್ಟಿಯಲ್ಲಿ ನಿಲ್ಲುತ್ತಾಳೆ ಎಂದರೆ ಬಾಗಲಕೋಟೆಯ ದೊಡ್ಡವ್ವ ಎರಡು ಹನಿ ತಲೆಗೆ ಹಚ್ಚಿಕೊಳ್ಳದೆ ಏಳುವುದಿಲ್ಲ. ಅದಕ್ಕೆ ಕಾಲು ಗಂಟೆ ಹೆಚ್ಚು ಇಡಿ.

ವಾಯಿಗೆ ಮರಳಿ ಢೋಲ್ಯಾ ಗಣಪತಿ. 1762ರ ಈ ಗುಡಿಯ ಹಿಂಗೋಡೆ ಮೀನಿನಾಕಾರದಲ್ಲಿದೆ, ಮಹಾಪೂರದ ನೀರು ಅದಕ್ಕೆ ಬಡಿದು ಇಬ್ಭಾಗವಾಗಿ ಹರಿಯಲೆಂದು. ಎಲ್ಲರೂ ಮುಂದಿನಿಂದ ಕೈಮುಗಿದು ಹೋಗುತ್ತಾರೆ, ನೀವು ಹಿಂದೆ ಸುತ್ತಿ ಬಂದು ನೋಡಿ. ವಾಯಿಯ ಅರಿಶಿನ ಪೇಟೆಯಲ್ಲೇ ಸಿಗುತ್ತದೆ.

ಐದೂವರೆಗೆ ಹೊರಡಿ. ಕಬ್ಬು ನುರಿಸುವ ಕಾಲದಲ್ಲಿ, ಸುಮಾರು ನವೆಂಬರ್‌ನಿಂದ ಮಾರ್ಚ್ ತನಕ, ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್‌ಗಳು ಕತ್ತಲಲ್ಲಿ ಎದುರಿಗೇ ಬಂದಂತೆ ಕಾಣುತ್ತವೆ. ಸುರೂರ್ ಫಾಟಾದಲ್ಲಿ ಹೆದ್ದಾರಿ ಸೇರಿ ಪುಣೆಯತ್ತ ತಿರುಗಿ; ಮುಂದೆ ಖಂಬಾಟಕಿಯ ತಿರುವುಗಳಲ್ಲಿ ವೇಗ ಇಳಿಸಿ. ಕಾತ್ರಜ್ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆಯ ತನಕ ಉದ್ದ ಇಳಿಜಾರು. ಡೀಸೆಲ್ ಉಳಿಸಲು ಗೇರ್ ತೆಗೆದು ನ್ಯೂಟ್ರಲ್‌ನಲ್ಲಿ ಬಿಡುವ ಲಾರಿಗಳು ಇಲ್ಲಿ ಹಿಂದಿನಿಂದ ಬಂದು ಗುದ್ದಿದ ಅಪಘಾತಗಳು ಅನೇಕ. ಎಡಪಥ ಹಿಡಿದು ಮೂರನೇ ಗೇರಿನಲ್ಲಿ ಇಳಿಯಿರಿ, ಕನ್ನಡಿ ನೋಡುತ್ತಿರಿ.